ಪಕ್ಕದಲ್ಲಿ ನಿಲ್ಲುವವರು: ಅಂಗವಿಕಲರ ಉದ್ಯೋಗದ ನೂರು ವರ್ಷದ ಕಥೆ

ನವೆಂಬರ್ ಬಂತೆಂದರೆ ಇಲ್ಲಿ ನಮ್ಮವರ ಕೋಟಿನ ಮೇಲೆ ಎರಡು ಕೆಂಪು ಕಾಣಿಸುತ್ತವೆ. ಒಂದು ರಾಜ್ಯೋತ್ಸವದ ಹಳದಿ-ಕೆಂಪು ಬ್ಯಾಡ್ಜು, ಇನ್ನೊಂದು ಕಾಗದದ ಪಾಪಿ ಹೂವು. ಮೊದಲನೆಯದರ ಕಥೆ ನಮಗೆಲ್ಲ ಬಾಯಿಪಾಠ. ಎರಡನೆಯದನ್ನು ರೈಲ್ವೆ ಸ್ಟೇಷನ್ನಿನಲ್ಲೋ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲೋ ಡಬ್ಬಿಗೆ ಒಂದು ಪೌಂಡು ಹಾಕಿ ಚುಚ್ಚಿಕೊಂಡು ಮುಂದೆ ಹೋಗುತ್ತೇವೆ. ಯುದ್ಧದಲ್ಲಿ ಸತ್ತವರ ನೆನಪಿಗೆ ಅಂತ ಗೊತ್ತು. ಆದರೆ ಆ ಹೂವಿನ ಹಿಂದೆ ಬದುಕಿ ವಾಪಸ್ ಬಂದವರ ಕಥೆಯೂ ಇದೆ. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬಂದ ಸೈನಿಕರಿಗೆ ಕೆಲಸ ಬೇಕಿತ್ತು. ಮೇಜರ್ ಜಾರ್ಜ್ ಹೌಸನ್ ಎಂಬ ಅಧಿಕಾರಿ 1922ರಲ್ಲಿ ಲಂಡನ್ನಿನ ಓಲ್ಡ್ ಕೆಂಟ್ ರೋಡಿನಲ್ಲಿ ಅಂಥ ಕೆಲವರನ್ನು ಸೇರಿಸಿಕೊಂಡು ಈ ಹೂವು ಮಾಡಿಸಲು ಶುರು ಮಾಡಿದರು. ಕೆಲವೇ ವರ್ಷದಲ್ಲಿ ಕಾರ್ಖಾನೆ ದೊಡ್ಡದಾಗಿ ರಿಚ್‌ಮಂಡಿಗೆ ಹೋಯಿತು. ಒಂದೇ ಕೈ ಆಡುವವನೂ ಜೋಡಿಸಬಹುದಾದ ಹಾಗೆ ಆ ಹೂವಿನ ವಿನ್ಯಾಸ ಇತ್ತು.

ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅಂಗಿ ಹೊಲಿಯುವವನು ಅಳತೆ ತೆಗೆದುಕೊಳ್ಳುವ ಹಾಗೆ, ಆಳನ್ನು ನೋಡಿ ಕೆಲಸವನ್ನು ಕತ್ತರಿಸಿದ್ದರು. ಈ ಬುದ್ಧಿ 1922ರಲ್ಲೇ ಇತ್ತು. ಹಾಗಿದ್ದೂ ಅದು ಒಂದು ಪದ್ಧತಿ ಅನ್ನಿಸಿಕೊಳ್ಳೋಕೆ ಇನ್ನೂ ಅರವತ್ತು ವರ್ಷ ಹಿಡಿಯಿತು. ನಡುವೆ ಎಷ್ಟೋ ಕಟ್ಟಡ ಕಟ್ಟಿದರು, ಕಾನೂನು ಮಾಡಿದರು, ಕಟ್ಟಿದ್ದನ್ನು ಮುಚ್ಚಿದರು.

ನಮ್ಮ ಬಳಗದಲ್ಲಿ ಆಸ್ಪತ್ರೆ, ಕೇರ್ ಹೋಮ್, ವೇರ್‌ಹೌಸ್, ಆಫೀಸು ಅಂತ ದುಡಿಯುವವರೇ ಹೆಚ್ಚು. ನಿಮ್ಮ ಕೆಲಸದ ಜಾಗದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಟ್ರಾಲಿ ತುಂಬುತ್ತಿರುವಾಗ ಪಕ್ಕದಲ್ಲಿ ಇನ್ನೊಬ್ಬರು ಸುಮ್ಮನೆ ನಿಂತಿರುವುದನ್ನು ನೋಡಿರಬಹುದು. ಅವರನ್ನು ಜಾಬ್ ಕೋಚ್ ಅಂತಾರೆ. ಅವರು ಎಲ್ಲಿಂದ ಬಂದರು, ಅವರ ಸಂಬಳ ಯಾರು ಕೊಡುತ್ತಾರೆ, ಒಂದು ದಿನ ಇದ್ದಕ್ಕಿದ್ದ ಹಾಗೆ ಯಾಕೆ ಬರೋದು ನಿಲ್ಲಿಸುತ್ತಾರೆ, ಇದೇ ಈ ಬರಹದ ವಿಷಯ. (ಕರ್ನಾಟಕ ಸರ್ಕಾರದ ಕಾಗದದಲ್ಲಿ ವಿಕಲಚೇತನರು ಅಂತಾರೆ, ಭಾಷಣದಲ್ಲಿ ವಿಶೇಷಚೇತನರು ಅಂತಾರೆ. ನಾನು ಅಂಗವಿಕಲರು ಅಂತಲೇ ಬರೆಯುತ್ತೇನೆ. ಹೆಸರು ಎಷ್ಟು ಚೆನ್ನಾಗಿಟ್ಟರೂ ತಿಂಗಳ ಕೊನೆಗೆ ಸಂಬಳ ಬರಬೇಕಲ್ಲ.)

ಬ್ರಿಟನ್ ಮೊದಲು ಮಾಡಿದ್ದು ವಿನಂತಿ. 1919ರಲ್ಲಿ ರಾಜನ ಹೆಸರಿನಲ್ಲಿ ಒಂದು ಪಟ್ಟಿ ಶುರುವಾಯಿತು. ತನ್ನ ಆಳುಗಳಲ್ಲಿ ಶೇಕಡಾ 5ರಷ್ಟು ಜನ ಗಾಯಗೊಂಡ ಮಾಜಿ ಸೈನಿಕರಾಗಿರುತ್ತಾರೆ ಎಂದು ಒಪ್ಪಿಕೊಂಡ ಮಾಲೀಕನ ಹೆಸರು ಆ ಪಟ್ಟಿಗೆ ಸೇರುತ್ತಿತ್ತು. ಅವನು ತನ್ನ ಕಾಗದಪತ್ರದ ಮೇಲೆ ಅದರ ಮುದ್ರೆ ಹಾಕಿಕೊಳ್ಳಬಹುದಿತ್ತು, ಸರ್ಕಾರಿ ಗುತ್ತಿಗೆಗೂ ಅನುಕೂಲ ಇತ್ತು. ಬಲವಂತ ಏನೂ ಇಲ್ಲ. ಸೈನಿಕರಲ್ಲದ ಅಂಗವಿಕಲರು, ಅಂದರೆ ಗಣಿಯಲ್ಲಿ ಬೆನ್ನು ಮುರಿದುಕೊಂಡವರು, ಹುಟ್ಟಿನಿಂದ ಕಿವುಡರು, ಇವರು ಯಾರೂ ಆ ಲೆಕ್ಕದಲ್ಲಿ ಇರಲಿಲ್ಲ.

ಎರಡನೇ ಮಹಾಯುದ್ಧ ಈ ಲೆಕ್ಕವನ್ನು ಬದಲಾಯಿಸಿತು. ಗಂಡಸರೆಲ್ಲ ಯುದ್ಧಕ್ಕೆ ಹೋದ ಮೇಲೆ ಕಾರ್ಖಾನೆಗಳಿಗೆ ಆಳು ಸಾಲದೆ, ಅಲ್ಲಿಯವರೆಗೆ 'ಕೆಲಸಕ್ಕೆ ಬಾರದವರು' ಅಂತ ಮನೆಯಲ್ಲಿ ಕೂರಿಸಿದ್ದವರನ್ನೇ ಕರೆತಂದರು. ಅವರು ಕೆಲಸ ಮಾಡಿ ತೋರಿಸಿದರು. ಆಗ ಕಾರ್ಮಿಕ ಮಂತ್ರಿಯಾಗಿದ್ದವರು ಅರ್ನೆಸ್ಟ್ ಬೆವಿನ್, ಸಾರಿಗೆ ಕಾರ್ಮಿಕರ ಸಂಘ ಕಟ್ಟಿ ಬೆಳೆಸಿದ ಮನುಷ್ಯ. ಅಂಗವಿಕಲರ ಬಗ್ಗೆ ವರದಿ ಕೊಡಲು ನೇಮಿಸಿದ ಸಮಿತಿಯ ಮುಖ್ಯಸ್ಥ ಜಾರ್ಜ್ ಟಾಮ್ಲಿನ್ಸನ್, ಲ್ಯಾಂಕಾಶೈರ್ ಕಡೆಯ ಹತ್ತಿ ಗಿರಣಿಯಲ್ಲಿ ನೇಕಾರನಾಗಿದ್ದವರು. 1943ರಲ್ಲಿ ಬಂದ ಅವರ ವರದಿ 1944ರಲ್ಲಿ ಕಾನೂನಾಯಿತು. ನಮ್ಮಂಥ ಕೂಲಿಯಿಂದ ಮೇಲೆ ಬಂದವರು ಮಾಡಿದ ಕಾನೂನು ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ.

ಕಾನೂನು ಹೇಳಿದ್ದು ಇಷ್ಟು. 20 ಜನಕ್ಕಿಂತ ಕಡಿಮೆ ಇಲ್ಲದ ಯಾವ ಮಾಲೀಕನಾದರೂ ಶೇಕಡಾ 3ರಷ್ಟು ನೋಂದಾಯಿತ ಅಂಗವಿಕಲರನ್ನು ಇಟ್ಟುಕೊಳ್ಳಲೇಬೇಕು. ನೋಂದಾಯಿಸಿಕೊಂಡವರಿಗೆ ಒಂದು ಹಸಿರು ಕಾರ್ಡು. ಉದ್ಯೋಗ ವಿನಿಮಯ ಕೇಂದ್ರಗಳಲ್ಲಿ ಇದಕ್ಕಾಗಿಯೇ ಒಬ್ಬ ಅಧಿಕಾರಿ. ಜತೆಗೆ ಎರಡು ಕೆಲಸಗಳು ಅಂಗವಿಕಲರಿಗೇ ಮೀಸಲು: ಲಿಫ್ಟ್ ನಡೆಸುವುದು, ಕಾರ್ ಪಾರ್ಕ್ ಕಾಯುವುದು. ಇದನ್ನು ಓದಿದಾಗ ನನಗೆ ತೊಂಬತ್ತರ ದಶಕದ ನಮ್ಮೂರು ನೆನಪಾಯಿತು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತನ್ನು ಅಂಗವಿಕಲರಿಗೆ ಆದ್ಯತೆ ಮೇಲೆ ಕೊಡುತ್ತಿದ್ದರಲ್ಲ, ಹಳದಿ ಬಣ್ಣದ ಬೋರ್ಡು, ಒಳಗೆ ಒಂದು ಕುರ್ಚಿ, ಪಕ್ಕದಲ್ಲಿ ಒರಗಿಸಿಟ್ಟ ಊರುಗೋಲು. ಲಿಫ್ಟು ತಾನೇ ನಡೆಯುವಂತಾದಾಗ ಇಲ್ಲಿ ಆ ಕೆಲಸ ಹೋಯಿತು, ಮೊಬೈಲ್ ಬಂದಾಗ ಅಲ್ಲಿ ಬೂತು ಹೋಯಿತು. ಒಂದೇ ಬಗೆಯ ಕೆಲಸವನ್ನು ಒಂದು ಬಗೆಯ ಜನಕ್ಕೆ ಅಂಟಿಸಿದರೆ ಯಂತ್ರ ಬದಲಾದ ದಿನ ಇಬ್ಬರೂ ಒಟ್ಟಿಗೆ ಬೀದಿಗೆ ಬರುತ್ತಾರೆ.

ಶೇಕಡಾ 3ರ ಕಥೆ ಇನ್ನೂ ಬೇಸರದ್ದು. ಮಾಲೀಕರು ವಿನಾಯಿತಿ ಪತ್ರ ಕೇಳಿದರು, ಇಲಾಖೆ ರಾಶಿ ರಾಶಿ ಕೊಟ್ಟಿತು. ಸರ್ಕಾರದ ಇಲಾಖೆಗಳೇ ಆ ಅಳತೆಯನ್ನು ಮುಟ್ಟಲಿಲ್ಲ. ಐವತ್ತು ವರ್ಷದಲ್ಲಿ ಮೊಕದ್ದಮೆ ಎದುರಿಸಿದ ಮಾಲೀಕರನ್ನು ಕೈಬೆರಳಲ್ಲಿ ಎಣಿಸಬಹುದು. ಹಸಿರು ಕಾರ್ಡು ತೋರಿಸಿದರೆ ಕೆಲಸ ಸಿಗುವುದಕ್ಕಿಂತ ಬಾಗಿಲು ಮುಚ್ಚುವುದೇ ಹೆಚ್ಚು ಎಂದು ಕಂಡಾಗ ಜನ ನೋಂದಾಯಿಸಿಕೊಳ್ಳುವುದನ್ನೇ ಬಿಟ್ಟರು. 1995ರ ನವೆಂಬರಿನಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ತಾರತಮ್ಯ ತಡೆಯುವ ಹೊಸ ಕಾನೂನು ತಂದು ಹಳೆಯ ಶೇಕಡಾವಾರು ಲೆಕ್ಕವನ್ನು ಕೈಬಿಟ್ಟಿತು. ಅದೇ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಮ್ಮ ಪಾರ್ಲಿಮೆಂಟು ಅಂಗವಿಕಲರ ಕಾಯ್ದೆ ಮಾಡಿ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 3ರ ಮೀಸಲಾತಿ ತಂದಿತು. ಒಂದೇ ಅಂಕಿ. ಒಂದು ದೇಶ ಬಿಟ್ಟ ತಿಂಗಳಿಗೆ ಇನ್ನೊಂದು ದೇಶ ಹಿಡಿದುಕೊಂಡಿತು.

1944ರ ಕಾನೂನಿನಿಂದ ಹುಟ್ಟಿದ ಇನ್ನೊಂದು ಕೂಸು ರೆಂಪ್ಲಾಯ್. ಹೊರಗಿನ ಕಾರ್ಖಾನೆಗಳಲ್ಲಿ ಪೈಪೋಟಿ ಮಾಡಲು ಆಗದಷ್ಟು ತೀವ್ರ ತೊಂದರೆ ಇರುವವರಿಗೆ ಸರ್ಕಾರವೇ ಕಾರ್ಖಾನೆ ನಡೆಸುವುದು ಅಂತ 1945ರಲ್ಲಿ ಒಂದು ಕಂಪನಿ ಮಾಡಿದರು. ಮೊದಲ ಕಾರ್ಖಾನೆ 1946ರಲ್ಲಿ ದಕ್ಷಿಣ ವೇಲ್ಸಿನ ಬ್ರಿಡ್ಜೆಂಡಿನಲ್ಲಿ ತೆರೆಯಿತು. ಕಲ್ಲಿದ್ದಲ ಗಣಿಯಲ್ಲಿ ದೇಹ ಕೆಡಿಸಿಕೊಂಡವರೇ ಅಲ್ಲಿ ಹೆಚ್ಚು. ಮರದ ಪೀಠೋಪಕರಣ ಮಾಡಿದರು, ಪಿಟೀಲನ್ನೂ ಮಾಡಿದರು. ಆಮೇಲೆ ಊರೂರಿಗೆ ಹಬ್ಬಿತು. ಒಂದು ಕಾಲಕ್ಕೆ ತೊಂಬತ್ತಕ್ಕೂ ಹೆಚ್ಚು ಕಾರ್ಖಾನೆಗಳಿದ್ದವು. ಶಾಲೆಯ ಮೇಜು ಕುರ್ಚಿ, ಗಾಲಿಕುರ್ಚಿ, ವಿಷಾನಿಲದಿಂದ ಸೈನಿಕರನ್ನು ಕಾಯುವ ಉಡುಪು, ಕಾರಿನ ಬಿಡಿಭಾಗ, ಪುಸ್ತಕದ ಬೈಂಡಿಂಗ್ ಎಲ್ಲ ಅಲ್ಲಿ ನಡೆಯುತ್ತಿತ್ತು.

ರೆಂಪ್ಲಾಯ್ ಬಗ್ಗೆ ಬರೆಯುವವರು ಈಗ ಎರಡು ಪಾಳಯ. ಅದು ಗೋಡೆ ಕಟ್ಟಿ ಅಂಗವಿಕಲರನ್ನು ಬೇರೆ ಇಟ್ಟ ವ್ಯವಸ್ಥೆ ಅಂತ ಒಂದು ಪಾಳಯ. ಅದು ಸಂಘ, ಸಂಬಳ, ಪಿಂಚಣಿ, ಗೆಳೆಯರು, ಮಧ್ಯಾಹ್ನದ ಟೀ ಎಲ್ಲ ಕೊಟ್ಟ ಜಾಗ ಅಂತ ಇನ್ನೊಂದು. ನನ್ನ ಮಟ್ಟಿಗೆ ಎರಡೂ ನಿಜ. ಅಲ್ಲಿ ಒಳಗೆ ಹೋದವರು ಹೊರಗಿನ ಕೆಲಸಕ್ಕೆ ಬಂದದ್ದು ಬಹಳ ಅಪರೂಪ. ಕಲಿತು ಹೊರಗೆ ಹೋಗಲಿ ಅಂತ ಬಾಗಿಲು ಇಟ್ಟಿದ್ದರು, ಆದರೆ ಚೆನ್ನಾಗಿ ಕೆಲಸ ಮಾಡುವವನನ್ನೇ ಹೊರಗೆ ಕಳಿಸಿದರೆ ಫ್ಯಾಕ್ಟರಿಯ ಆರ್ಡರು ಪೂರೈಸುವವರು ಯಾರು? ಯಾವ ಮ್ಯಾನೇಜರ್ ತಾನೇ ಒಳ್ಳೆಯ ಆಳನ್ನು ಕೈಬಿಡುತ್ತಾನೆ? ಹೀಗಾಗಿ 'ತಯಾರಿ' ಅನ್ನೋದು ಮುಗಿಯದ ತಯಾರಿಯಾಯಿತು. ನಲವತ್ತು ವರ್ಷ ತಯಾರಾಗಿ ನಿವೃತ್ತರಾದವರಿದ್ದರು.

ಈ ಮುಗಿಯದ ತಯಾರಿಯನ್ನು ಮುರಿದ ವಿಚಾರ ಬಂದದ್ದು ಅಮೆರಿಕದಿಂದ, ಅದೂ ಒಂದು ಸೈಕಲ್ ಬ್ರೇಕಿನಿಂದ. ಅಲ್ಲಿಯೂ ಸಂರಕ್ಷಿತ ಕಾರ್ಯಾಗಾರಗಳು ಬೇಕಾದಷ್ಟಿದ್ದವು. ಬೌದ್ಧಿಕ ವೈಕಲ್ಯ ಇರುವವರನ್ನು ಅಲ್ಲಿ ಕೂರಿಸಿ ಸ್ಕ್ರೂ ಎಣಿಸುವುದು, ಲಕೋಟೆ ಮಡಚುವುದು ಮಾಡಿಸುತ್ತಿದ್ದರು. ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಗೋಲ್ಡ್ ಎಂಬವರು ಎಪ್ಪತ್ತರ ದಶಕದ ಆರಂಭದಲ್ಲಿ ಅಂಥವರ ಮುಂದೆ ಸೈಕಲ್ಲಿನ ಹಿಂದಿನ ಚಕ್ರದ ಬ್ರೇಕಿನ ಹದಿನೈದು ಬಿಡಿಭಾಗಗಳನ್ನು ಇಟ್ಟರು. ಬಹಳ ಮಾತಾಡಲಿಲ್ಲ. ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಯಾಗಿ ಒಡೆದರು, ತಪ್ಪಿದಾಗ ಕೈಯನ್ನು ಮೆಲ್ಲಗೆ ತಿರುಗಿಸಿದರು, ಆಗದಿದ್ದರೆ ತಾನು ಹೇಳಿಕೊಡುವ ಕ್ರಮವನ್ನೇ ಬದಲಾಯಿಸಿದರು. ಬ್ರೇಕು ಜೋಡಿಸುವುದನ್ನು ಅವರು ಕಲಿತರು. ಲಕೋಟೆ ಮಡಚುವುದಕ್ಕಷ್ಟೇ ಲಾಯಕ್ಕು ಎಂದು ಬರೆದಿಟ್ಟಿದ್ದ ಜನ ಇವರು. ಕಲಿಯಲಿಲ್ಲ ಅಂದರೆ ಕಲಿಸುವವನು ಇನ್ನೊಂದು ದಾರಿ ಹುಡುಕಬೇಕು ಎಂಬುದು ಗೋಲ್ಡ್ ಅವರ ವಾದ. ಮೇಷ್ಟ್ರ ಕೈಯಲ್ಲಿ 'ದಡ್ಡ' ಅನ್ನಿಸಿಕೊಂಡು ಬೆಳೆದ ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ತಡವಾಗಿ ಬಂದ ಸಮಾಧಾನ ಅನ್ನಿಸಬಹುದು.

ಹಾಗಾದರೆ ಇದನ್ನು ಕಾರ್ಯಾಗಾರದ ಒಳಗೆ ಯಾಕೆ ಕಲಿಸಬೇಕು, ನಿಜವಾದ ಕೆಲಸದ ಜಾಗದಲ್ಲೇ ಕಲಿಸಬಾರದೇ ಎಂದು ವರ್ಜೀನಿಯಾದ ಪಾಲ್ ವೇಮನ್ ಮತ್ತು ಜತೆಗಾರರು, ವಿಸ್ಕಾನ್ಸಿನ್, ಒರೆಗಾನ್ ಕಡೆಯ ಇನ್ನೂ ಕೆಲವರು ಕೇಳಿದರು. ಅಲ್ಲಿಯತನಕ ಕ್ರಮ ಹೀಗಿತ್ತು: ಮೊದಲು ಕಲಿ, ತಯಾರಾಗು, ಆಮೇಲೆ ಕೆಲಸ. ಇವರು ಅದನ್ನು ತಿರುಗಿಸಿದರು. ಮೊದಲು ಆ ವ್ಯಕ್ತಿಗೆ ಏನು ಇಷ್ಟ, ಏನು ಆಗುತ್ತೆ ನೋಡು. ಅದಕ್ಕೆ ಹೊಂದುವ ನಿಜವಾದ, ನಿಜವಾದ ಸಂಬಳದ ಕೆಲಸ ಹುಡುಕು. ಅಲ್ಲೇ ಪಕ್ಕದಲ್ಲಿ ನಿಂತು ಕಲಿಸು. ಕಲಿತ ಹಾಗೆ ಹಿಂದೆ ಸರಿ, ಆದರೆ ಪೂರ್ತಿ ಕಣ್ಮರೆ ಆಗಬೇಡ. ಇದಕ್ಕೆ ಸಪೋರ್ಟೆಡ್ ಎಂಪ್ಲಾಯ್‌ಮೆಂಟ್ ಅಂತ ಹೆಸರಾಯಿತು. ಕನ್ನಡದಲ್ಲಿ ಬೆಂಬಲಿತ ಉದ್ಯೋಗ ಅನ್ನಬಹುದು, ಅಷ್ಟು ಚೆನ್ನಾಗಿ ಕೇಳಲ್ಲ.

ಹಳ್ಳಿ ಕಡೆಯವರಿಗೆ ನಾನು ಇದನ್ನು ಬೇರೆ ಥರ ಹೇಳುತ್ತೇನೆ. ನಮಗೆ ಈಜು ಕಲಿಸಿದ್ದು ಹೇಗೆ? ದಡದ ಮೇಲೆ ಕೂರಿಸಿ ಆರು ತಿಂಗಳು ಪಾಠ ಹೇಳಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ಮಾವನೋ ಚಿಕ್ಕಪ್ಪನೋ ಮೆಟ್ಟಿಲ ಮೇಲೆ ಹಗ್ಗ ಹಿಡಿದು ನಿಂತಿರುತ್ತಿದ್ದರು. ಮೊದಲ ದಿನ ಹಗ್ಗ ಬಿಗಿ, ವಾರ ಕಳೆದಂತೆ ಸಡಿಲ, ಒಂದು ದಿನ ಹಗ್ಗವೇ ಇಲ್ಲ, ಆದರೂ ಅವರು ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಾ ಒಂದು ಕಣ್ಣಿಟ್ಟಿರುತ್ತಿದ್ದರು. ಜಾಬ್ ಕೋಚ್ ಅಂದರೆ ಆ ಮಾವ. ಪೂರ್ತಿ ವಿಷಯ ಇರೋದು ಅವನು ಎಷ್ಟು ದಿನ ಮೆಟ್ಟಿಲ ಮೇಲೆ ಕೂರಬಹುದು ಎಂಬುದರಲ್ಲಿ.

ಅಮೆರಿಕದ ಕೇಂದ್ರ ಸರ್ಕಾರ 1986ರಲ್ಲಿ ಇದಕ್ಕೆ ಕಾನೂನಿನಲ್ಲಿ ಜಾಗ ಕೊಟ್ಟು ಹಣ ಇಟ್ಟಿತು. ಆದರೆ ಆ ಹಣಕ್ಕೆ ಗಡುವು ಇತ್ತು, 18 ತಿಂಗಳು. 2014ರ ಕಾನೂನು ಅದನ್ನು 24 ತಿಂಗಳಿಗೆ ಏರಿಸಿತು. ಆಮೇಲಿನದನ್ನು ರಾಜ್ಯವೋ ಬೇರೆ ಇಲಾಖೆಯೋ ನೋಡಿಕೊಳ್ಳಬೇಕು. ಬೌದ್ಧಿಕ ವೈಕಲ್ಯ ಎರಡು ವರ್ಷದಲ್ಲಿ ವಾಸಿಯಾಗುವ ಕಾಯಿಲೆ ಅಲ್ಲ. ಸೂಪರ್‌ವೈಸರ್ ಬದಲಾಗುತ್ತಾನೆ, ಯಂತ್ರ ಬದಲಾಗುತ್ತೆ, ಶಿಫ್ಟು ಬದಲಾಗುತ್ತೆ. ಕೆಲಸ ಕಳೆದುಕೊಳ್ಳುವುದು ಸಾಮಾನ್ಯವಾಗಿ ಆಗಲೇ.

ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತೆ ಎಂಬುದಕ್ಕೆ ಅಮೆರಿಕದಲ್ಲೇ ಒಂದು ಪ್ರಕರಣ ಇದೆ. ನಮ್ಮಂಥ ವಲಸೆ ಕೆಲಸಗಾರರು ಓದಲೇಬೇಕಾದದ್ದು. ಅಯೋವಾ ರಾಜ್ಯದ ಅಟಾಲಿಸ್ಸಾ ಎಂಬ ಸಣ್ಣ ಊರು. ಎಪ್ಪತ್ತರ ದಶಕದಿಂದ ಒಂದು ಕಂಪನಿ ಟೆಕ್ಸಾಸಿನಿಂದ ಬೌದ್ಧಿಕ ವೈಕಲ್ಯ ಇರುವ ಗಂಡಸರನ್ನು ಅಲ್ಲಿಗೆ ತಂದು ಟರ್ಕಿ ಕೋಳಿ ಸಂಸ್ಕರಿಸುವ ಕಾರ್ಖಾನೆಯಲ್ಲಿ ದುಡಿಸುತ್ತಿತ್ತು. ಊರಾಚೆಯ ಹಳೆಯ ಶಾಲೆಯ ಕಟ್ಟಡ ಅವರ ವಸತಿ. ಬೆಳಗಿನ ಜಾವ ಎದ್ದು ವ್ಯಾನು ಹತ್ತಬೇಕು. ಊಟ, ಬಾಡಿಗೆ, ಆರೈಕೆ ಅಂತ ಸಂಬಳದಿಂದ ಕಡಿತ. ಕಳೆದು ಉಳಿದು ಕೈಗೆ ಬರುತ್ತಿದ್ದದ್ದು ತಿಂಗಳಿಗೆ 65 ಡಾಲರ್. ವರ್ಷ ಎಷ್ಟು ಕಳೆದರೂ ಅದೇ 65. ಅಮೆರಿಕದ 1938ರ ಕನಿಷ್ಠ ವೇತನ ಕಾನೂನಿನಲ್ಲೇ ಅಂಗವಿಕಲರಿಗೆ ಕಡಿಮೆ ಕೊಡಬಹುದು ಎಂಬ ಒಂದು ಕಲಂ ಇದೆ. ಕಂಪನಿ ಅದರ ನೆರಳಲ್ಲಿ ನಿಂತಿತ್ತು. 2009ರಲ್ಲಿ ಅಧಿಕಾರಿಗಳು ಒಳಗೆ ಹೋಗಿ ನೋಡಿದಾಗ ಕಟ್ಟಡ ಮನುಷ್ಯರು ಇರುವ ಹಾಗಿರಲಿಲ್ಲ. 2013ರಲ್ಲಿ ಜ್ಯೂರಿ 32 ಜನಕ್ಕೆ 240 ಮಿಲಿಯ ಡಾಲರ್ ಪರಿಹಾರ ಘೋಷಿಸಿತು. ಚಿಕ್ಕ ಕಂಪನಿಗಳಿಗೆ ಕಾನೂನಿನಲ್ಲಿ ಮಿತಿ ಇದೆ ಅಂತ ಅದು 1.6 ಮಿಲಿಯಕ್ಕೆ ಇಳಿಯಿತು.

ವಸತಿ ಅವರದೇ, ವ್ಯಾನು ಅವರದೇ, ಕಡಿತದ ಚೀಟಿ ಅವರೇ ಬರೆಯೋದು. ಗಲ್ಫಿನಲ್ಲಿ ಕ್ಯಾಂಪಿನಲ್ಲಿದ್ದು ಬಂದ ನಮ್ಮ ಗೆಳೆಯರಿಗೆ ಈ ಪಟ್ಟಿ ಹೊಸದಲ್ಲ. ವ್ಯತ್ಯಾಸ ಇಷ್ಟೇ, ಅಟಾಲಿಸ್ಸಾದ ಆ ಜನ ಊರಿಗೆ ಫೋನ್ ಮಾಡಿ ಇದು ಅನ್ಯಾಯ ಅಂತ ಹೇಳುವ ಸ್ಥಿತಿಯಲ್ಲೂ ಇರಲಿಲ್ಲ. ಅದೂ ಗುಟ್ಟಾಗಿ ನಡೆದದ್ದೇನಲ್ಲ. ಅದೇ ರಾಜ್ಯದ ಪತ್ರಿಕೆ 1979ರಲ್ಲೇ ಬರೆದಿತ್ತು. ಊರಿನವರು ಅವರನ್ನು ಚರ್ಚಿನಲ್ಲಿ, ಮೆರವಣಿಗೆಯಲ್ಲಿ ನೋಡುತ್ತಿದ್ದರು, ಮಾತಾಡಿಸುತ್ತಿದ್ದರು. ಕಡಿಮೆ ಕೂಲಿಯ ಆ ಕಲಮನ್ನು ಹಲವು ರಾಜ್ಯಗಳು ತಮ್ಮ ಮಟ್ಟಿಗೆ ಕಿತ್ತುಹಾಕಿವೆ, ಇಡೀ ದೇಶದಲ್ಲಿ ಇನ್ನೂ ಹೋಗಿಲ್ಲ.

ತೊಂಬತ್ತರ ದಶಕದಲ್ಲಿ ಇದೇ ವಿಚಾರ ಮಾನಸಿಕ ಕಾಯಿಲೆ ಇರುವವರ ಕಡೆ ತಿರುಗಿತು. ನ್ಯೂ ಹ್ಯಾಂಪ್‌ಶೈರಿನ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ರೂಪಿಸಿದ ಪದ್ಧತಿಗೆ ಐಪಿಎಸ್ ಅಂತ ಹೆಸರು (ನಮ್ಮ ಪೊಲೀಸ್ ಐಪಿಎಸ್ ಅಲ್ಲ). ಕೆಲಸ ಬೇಕು ಅಂದವರಿಗೆಲ್ಲ ಅವಕಾಶ, 'ಇವರು ಇನ್ನೂ ರೆಡಿ ಇಲ್ಲ' ಅಂತ ಯಾರನ್ನೂ ಹೊರಗಿಡುವ ಹಾಗಿಲ್ಲ. ಉದ್ಯೋಗ ತಜ್ಞರು ವೈದ್ಯರ ತಂಡದಲ್ಲೇ ಕೂತಿರುತ್ತಾರೆ. ಹುಡುಕಾಟ ಕೂಡಲೇ ಶುರು. ಕೆಲಸ ಸಿಕ್ಕ ಮೇಲೂ ಬೆಂಬಲಕ್ಕೆ ಗಡುವಿಲ್ಲ. 1996ರಲ್ಲಿ ಬಂದ ಮೊದಲ ಹೋಲಿಕೆ ಅಧ್ಯಯನದಲ್ಲಿ 143 ಜನ ಇದ್ದರು. ಹೊಸ ದಾರಿಯವರಲ್ಲಿ ಶೇಕಡಾ 78 ಮಂದಿಗೆ ಹೊರಗಿನ ನಿಜವಾದ ಕೆಲಸ ಸಿಕ್ಕಿತು, ಮೊದಲು ತರಬೇತಿ ಪಡೆದವರಲ್ಲಿ ಶೇಕಡಾ 40. ಅಮೆರಿಕದಲ್ಲಿ ಆಗಿದ್ದು ಯುರೋಪಿನಲ್ಲಿ ಆಗುತ್ತಾ ಎಂದು ಲಂಡನ್ ಸೇರಿ ಆರು ನಗರಗಳಲ್ಲಿ 312 ಜನರ ಮೇಲೆ ನೋಡಿದರು. 2007ರಲ್ಲಿ ಫಲಿತಾಂಶ ಬಂತು: ಶೇಕಡಾ 55, ಹಳೆಯ ದಾರಿಯಲ್ಲಿ 28. ಇಷ್ಟು ನೇರವಾದ ಉತ್ತರ ಸಮಾಜ ಸೇವೆಯ ಕ್ಷೇತ್ರದಲ್ಲಿ ಸಿಗೋದು ಕಡಿಮೆ. ಎನ್‌ಎಚ್‌ಎಸ್ ತನ್ನ 2019ರ ದೀರ್ಘಾವಧಿ ಯೋಜನೆಯಲ್ಲಿ ವರ್ಷಕ್ಕೆ 55,000 ಜನಕ್ಕೆ ಈ ಸೇವೆ ಮುಟ್ಟಿಸುವ ಗುರಿ ಇಟ್ಟದ್ದು ಈ ಅಂಕಿಗಳ ಬಲದ ಮೇಲೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ಅಕ್ಕತಂಗಿಯರು ನೋಡಿರುವುದು ಪ್ರಾಜೆಕ್ಟ್ ಸರ್ಚ್ ಇರಬೇಕು. ಅದನ್ನು ಶುರು ಮಾಡಿದ್ದು ಒಬ್ಬ ನರ್ಸ್ ಅಂತ ಹೇಳಿದರೆ ಅವರಿಗೆ ಖುಷಿಯಾಗುತ್ತೆ. ಎರಿನ್ ರೀಲಿ, ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗದ ಮುಖ್ಯಸ್ಥೆ. ಅವರ ತಲೆನೋವು ಬಹಳ ಸಣ್ಣದು: ಸಿರಿಂಜು, ಗ್ಲೋವ್ಸು, ಬ್ಯಾಂಡೇಜು ಕಪಾಟಿಗೆ ತುಂಬಿಡುವ ಕೆಲಸಕ್ಕೆ ಬಂದವರು ಯಾರೂ ನಿಲ್ಲುತ್ತಿರಲಿಲ್ಲ. ಬೌದ್ಧಿಕ ವೈಕಲ್ಯ ಇರುವ ಯುವಕರು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಲ್ಲರಲ್ಲ ಅಂತ 1996ರಲ್ಲಿ ಶುರು ಮಾಡಿದರು. ಶಾಲೆಯ ಕೊನೆಯ ವರ್ಷವನ್ನು ಆಸ್ಪತ್ರೆಯಲ್ಲೇ ಕಳೆಯುವುದು, ಒಂದು ವಿಭಾಗದಲ್ಲಿ ಕೆಲವು ವಾರ, ಇನ್ನೊಂದರಲ್ಲಿ ಕೆಲವು ವಾರ, ಜತೆಯಲ್ಲಿ ಜಾಬ್ ಕೋಚ್. ಅದು ಬ್ರಿಟನ್ನಿಗೂ ಬಂದು ಇಲ್ಲಿನ ಹಲವು ಆಸ್ಪತ್ರೆಗಳಲ್ಲಿ ನಡೆಯುತ್ತಿದೆ.

ಇನ್ನು ರೆಂಪ್ಲಾಯ್ ಕೊನೆಗೆ ಏನಾಯಿತು? 2008ರ ಹೊತ್ತಿಗೆ ಒಂದಷ್ಟು ಕಾರ್ಖಾನೆಗಳು ಮುಚ್ಚಿದ್ದವು, 54 ಉಳಿದಿದ್ದವು. 2011ರಲ್ಲಿ ಲಿಜ್ ಸೇಸ್ ಎಂಬವರು ಸರ್ಕಾರಕ್ಕೆ ವರದಿ ಕೊಟ್ಟರು. ಅವರು ಅಂಗವಿಕಲರ ಸಂಘಟನೆಯಿಂದಲೇ ಬಂದವರು. ರೆಂಪ್ಲಾಯ್ ಕಾರ್ಖಾನೆಯಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 25,000 ಪೌಂಡ್ ಖರ್ಚು. ಹೊರಗಿನ ಕೆಲಸದಲ್ಲಿರುವವರಿಗೆ 'ಆಕ್ಸೆಸ್ ಟು ವರ್ಕ್' ಎಂಬ 1994ರ ಯೋಜನೆಯಲ್ಲಿ ಕೊಡುವ ನೆರವು ಸರಾಸರಿ 2,900 ಪೌಂಡ್. ಸಹಾಯಕರ ಸಂಬಳ, ಸಾಧನ, ಬಸ್ಸಿನಲ್ಲಿ ಬರಲಾಗದವರಿಗೆ ಟ್ಯಾಕ್ಸಿ, ಕಿವುಡರಿಗೆ ಸಂಜ್ಞಾ ಭಾಷೆಯ ದುಭಾಷಿ, ಇವೆಲ್ಲ ಅದರಲ್ಲಿ ಬರುತ್ತವೆ. ಕಾರ್ಖಾನೆಗೆ ಸುರಿಯುವ ಹಣವನ್ನು ಜನರ ಹಿಂದೆ ಕಳಿಸಿದರೆ ಎಷ್ಟೋ ಪಟ್ಟು ಜನಕ್ಕೆ ಆಗುತ್ತೆ ಅನ್ನೋದು ವರದಿಯ ತಿರುಳು. ಲೆಕ್ಕ ಸರಿಯಾಗಿಯೇ ಇತ್ತು.

2012ರ ಮಾರ್ಚಿನಲ್ಲಿ 36 ಕಾರ್ಖಾನೆ ಮುಚ್ಚುವ ಘೋಷಣೆಯಾಯಿತು. ಬೇಸಿಗೆಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಊರುಗೋಲು ಹಿಡಿದವರು, ಗಾಲಿಕುರ್ಚಿಯಲ್ಲಿದ್ದವರು ಗೇಟಿನ ಮುಂದೆ ಸಂಘದ ಬಾವುಟ ಹಿಡಿದು ಕೂತರು. 2013ರ ಅಕ್ಟೋಬರ್ ಕೊನೆಗೆ ಕೊನೆಯ ಕಾರ್ಖಾನೆಯೂ ಮುಚ್ಚಿತು. ಆರ್ಥಿಕ ಹಿಂಜರಿತದ ಹೊಡೆತ ಇನ್ನೂ ಆರದ ಕಾಲ ಅದು. ಗಣಿ ಮುಚ್ಚಿದ, ಉಕ್ಕಿನ ಕಾರ್ಖಾನೆ ಸೊರಗಿದ ಊರುಗಳಲ್ಲಿ ಗಟ್ಟಿಮುಟ್ಟಾದವರಿಗೇ ಕೆಲಸ ಇರಲಿಲ್ಲ. ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರಿಗೆ ಈಗ ಹೊರಗೆ ಹೋಗಿ ಹುಡುಕಿ ಅಂದರು. ಎಷ್ಟೋ ಜನಕ್ಕೆ ಸಿಗಲಿಲ್ಲ. ಉದ್ಯೋಗ ಹುಡುಕಿಕೊಡುವ ರೆಂಪ್ಲಾಯ್‌ನ ಉಳಿದ ವಿಭಾಗವನ್ನು 2015ರಲ್ಲಿ ಸರ್ಕಾರದ ಕೈಯಿಂದ ಹೊರಗೆ ಮಾರಿದರು.

ಮುಚ್ಚಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಅಡ್ಡಗೋಡೆ ಒಡೆಯುವ ಮುಂಚೆ ಆಚೆ ಕಡೆ ಹಗ್ಗ ಹಿಡಿಯುವವರು ಇದ್ದಾರಾ ನೋಡಬೇಕಿತ್ತು. 'ಜನರ ಹಿಂದೆ ಹಣ ಹೋಗಲಿ' ಎಂಬ ಮಾತಿನಲ್ಲಿ ಕಾರ್ಖಾನೆ ಮುಚ್ಚುವ ಅರ್ಧ ಕೆಲಸ ಬೇಗ ಆಯಿತು, ಹಣ ಹಿಂದೆ ಹೋಗುವ ಅರ್ಧ ಮಾತ್ರ ನಿಧಾನ. ಆಕ್ಸೆಸ್ ಟು ವರ್ಕ್‌ಗೆ ಅರ್ಜಿ ಹಾಕಿದವರು ಈಗ ತಿಂಗಳುಗಟ್ಟಲೆ ಕಾಯುತ್ತಿದ್ದಾರೆ. ಕೆಲಸ ಕೊಡಲು ಒಪ್ಪಿದ ಮಾಲೀಕ ಅಷ್ಟು ದಿನ ಕಾಯುತ್ತಾನಾ? ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ಲಿನ ದೀರ್ಘಕಾಲದ ನೆರವು ಪಡೆಯುವ ಬೌದ್ಧಿಕ ವೈಕಲ್ಯದ ವಯಸ್ಕರಲ್ಲಿ ಸಂಬಳದ ಕೆಲಸ ಇರುವವರು ನೂರಕ್ಕೆ ಐದು ಜನ ಮಾತ್ರ. ವರ್ಷಗಳಿಂದ ಈ ಅಂಕಿ ಅಲ್ಲೇ ನಿಂತಿದೆ. ಇದೇ ಪಕ್ಕದಲ್ಲಿ ನಿಲ್ಲುವ ಪದ್ಧತಿಯ ಮೇಲೆ 'ಕನೆಕ್ಟ್ ಟು ವರ್ಕ್' ಎಂಬ ಹೊಸ ಕಾರ್ಯಕ್ರಮ 2025ರಲ್ಲಿ ಶುರುವಾಗಿದೆ. ವರ್ಷಕ್ಕೆ ಒಂದು ಲಕ್ಷ ಜನರವರೆಗೆ ಮುಟ್ಟುವ ಗುರಿ ಅಂತೆ. ನೋಡಬೇಕು.

ನಮ್ಮ ಕಡೆಯ ಸುದ್ದಿಯನ್ನೂ ಒಂದಿಷ್ಟು ಹೇಳಬೇಕು, ಯಾಕಂದರೆ ಇಲ್ಲಿ ಅರವತ್ತು ವರ್ಷ ತೆಗೆದುಕೊಂಡದ್ದನ್ನು ಅಲ್ಲಿ ಕೆಲವರು ಮನೆಯಿಂದಲೇ ಕಂಡುಕೊಂಡರು. ಬೆಂಗಳೂರಿನ ಶಾಂತಿ ರಾಘವನ್ ಅವರ ತಮ್ಮನಿಗೆ ಕಣ್ಣು ಹೋಗುತ್ತಾ ಬಂತು. ಅವನು ಓದು ಮುಗಿಸಿ ಕೆಲಸ ಹಿಡಿಯುವ ತನಕ ಅಕ್ಕ ಜತೆಯಲ್ಲಿ ನಿಂತರು. ಆ ಅನುಭವದಿಂದ 1999ರಲ್ಲಿ ಎನೇಬಲ್ ಇಂಡಿಯಾ ಹುಟ್ಟಿತು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲಿ 2017ರಲ್ಲಿ ಅಲೀನಾ ಆಲಂ ಮಿಟ್ಟಿ ಕೆಫೆ ಶುರು ಮಾಡಿದರು. ಈಗ ಅದು ಸುಪ್ರೀಂ ಕೋರ್ಟಿನ ಆವರಣದಲ್ಲೂ ಇದೆ. ಅಂಗವಿಕಲರೇ ನಡೆಸುವ ಕೆಫೆ ರೆಂಪ್ಲಾಯ್ ಥರದ ಬೇರೆ ಗೋಡೆ ಆಗಲ್ವಾ ಅಂತ ಯಾರಾದರೂ ಕೇಳಬಹುದು. ಎದುರು ಬದುರು ನಿಂತು ಗಿರಾಕಿಗೆ ಚಹಾ ಕೊಡುವ ಕೆಲಸ ಹಿತ್ತಿಲಿನ ಶೆಡ್ಡಿನ ಕೆಲಸ ಅಲ್ಲ ಅನ್ನೋದು ನನ್ನ ಉತ್ತರ. 2016ರ ಹೊಸ ಕಾಯ್ದೆ ಸರ್ಕಾರಿ ಹುದ್ದೆಯ ಮೀಸಲಾತಿಯನ್ನು ಶೇಕಡಾ 4ಕ್ಕೆ ಏರಿಸಿ, ಆಟಿಸಂ, ಬೌದ್ಧಿಕ ವೈಕಲ್ಯ, ಮಾನಸಿಕ ಕಾಯಿಲೆ ಇರುವವರನ್ನೂ ಮೊದಲ ಬಾರಿಗೆ ಆ ಲೆಕ್ಕಕ್ಕೆ ಸೇರಿಸಿದೆ. ಹುದ್ದೆ ಕೊಟ್ಟ ಮೇಲೆ ಪಕ್ಕದಲ್ಲಿ ನಿಲ್ಲುವವರ ಸಂಬಳ ಎಲ್ಲಿಂದ ಎಂಬುದಕ್ಕೆ ಅದರಲ್ಲಿ ಸ್ಪಷ್ಟ ಉತ್ತರ ಇಲ್ಲ.

ಕೊನೆಗೆ ನಮ್ಮ ಬಳಗದ ಮನೆಗಳ ಮಾತು. ಮಕ್ಕಳ ಕಾರ್ಯಕ್ರಮಕ್ಕೆ ಒಂದು ಮಗುವನ್ನು ಮಾತ್ರ ಕರೆತಂದು ಇನ್ನೊಂದನ್ನು ಮನೆಯಲ್ಲಿ ಬಿಟ್ಟು ಬರುವ ತಂದೆತಾಯಿ ನಮ್ಮಲ್ಲಿದ್ದಾರೆ. ಅವರಿಗೂ ಗೊತ್ತು, ನಮಗೂ ಗೊತ್ತು, ಯಾರೂ ಕೇಳಲ್ಲ. 'ನಾವು ಹೋದ ಮೇಲೆ ಏನು' ಎಂಬುದು ಅವರ ಎದೆಯ ಮೇಲೆ ಕೂತಿರುತ್ತೆ, 'ಹದಿನೆಂಟಾದ ಮೇಲೆ ಏನು' ಎಂಬುದನ್ನು ಯಾರೂ ಕೇಳಲು ಹೇಳಿಕೊಟ್ಟಿಲ್ಲ. ಇಂಗ್ಲೆಂಡಿನಲ್ಲಿರುವವರಿಗೆ ಇಷ್ಟು ತಿಳಿದಿರಲಿ: ಇಎಚ್‌ಸಿ ಪ್ಲಾನ್ ಇರುವ ಮಗು ಒಂಬತ್ತನೇ ವರ್ಷದ ತರಗತಿಗೆ, ಅಂದರೆ ಹದಿಮೂರು-ಹದಿನಾಲ್ಕು ವಯಸ್ಸಿಗೆ ಬಂದಾಗ, ವಾರ್ಷಿಕ ಪರಿಶೀಲನೆಯಲ್ಲಿ ಮುಂದಿನ ಉದ್ಯೋಗದ ಮಾತನ್ನೂ ಶಾಲೆ ಮತ್ತು ಕೌನ್ಸಿಲ್ ತೆಗೆಯಬೇಕು. ತೆಗೆಯದಿದ್ದರೆ ನೀವೇ ತೆಗೆಯಿರಿ. 16ರಿಂದ 24 ವಯಸ್ಸಿನ, ಇಎಚ್‌ಸಿ ಪ್ಲಾನ್ ಇರುವ ಯುವಕರಿಗೆ ಸಪೋರ್ಟೆಡ್ ಇಂಟರ್ನ್‌ಶಿಪ್ ಎಂಬ ದಾರಿ ಇದೆ. ಪ್ರಾಜೆಕ್ಟ್ ಸರ್ಚ್ ಅದರಲ್ಲೇ ಬರುತ್ತೆ. ಜಾಗ ಎಲ್ಲಿದೆ, ಜಾಬ್ ಕೋಚ್ ಯಾರು, ಒಂದು ವರ್ಷ ಮುಗಿದ ಮೇಲೆ ಬೆಂಬಲಕ್ಕೆ ಹಣ ಯಾರು ಕೊಡುತ್ತಾರೆ, ಈ ಮೂರನ್ನೂ ಕೇಳಿ. ಮೂರನೆಯದಕ್ಕೆ ಉತ್ತರ ಬರೆದು ಕೊಡಿ ಅನ್ನಿ. ಹೋಗೋಕೆ ಮುಜುಗರ ಆದರೆ ಬಳಗದ ಯಾರನ್ನಾದರೂ ಜತೆಗೆ ಕರೆದುಕೊಂಡು ಹೋಗಿ. ಇಂಥ ಮೀಟಿಂಗುಗಳಿಗೆ ಹೋಗಿ ಅಭ್ಯಾಸ ಇರುವ ಮೂರು ನಾಲ್ಕು ಮಂದಿ ನಮ್ಮಲ್ಲೇ ಇದ್ದಾರೆ, ಕಾರ್ಯದರ್ಶಿಯವರನ್ನು ಕೇಳಿದರೆ ಹೇಳುತ್ತಾರೆ.